ಎಲ್ಲರೂ ಬಳಸಬಲ್ಲ ಕಟ್ಟಡ: ನಕ್ಷೆ ಮಂಜೂರಾತಿಗೆ ಹೋಗುವ ಮೊದಲೇ ತೀರ್ಮಾನವಾಗಬೇಕಾದ ಅಳತೆಗಳು

ಮುಂಬಾಗಿಲ ಪಕ್ಕ ಒಂದು ಆಯತ, ಅದರೊಳಗೆ ಬಾಣದ ಗುರುತು, ಮೇಲೆ ‘ರ‍್ಯಾಂಪ್ 1:12’ (1 ಅಳತೆ ಏರಲು 12 ಅಳತೆ ಉದ್ದದ ಇಳಿಜಾರು ದಾರಿ) ಎಂಬ ಬರಹ, ಅದರ ಪಕ್ಕ ಗಾಲಿಕುರ್ಚಿಯ ಚಿಹ್ನೆ. ಮಂಜೂರಾತಿಗೆ ಬರುವ ನಕ್ಷೆಗಳಲ್ಲಿ ಸಾಮಾನ್ಯವಾಗಿ ಇಷ್ಟು ಇದ್ದೇ ಇರುತ್ತದೆ. ಸ್ಕೇಲ್ ಇಟ್ಟು ಅಳೆದಾಗ ಆ ಆಯತದ ಉದ್ದ 5.4 ಮೀಟರ್ ಬಂತು ಎಂದಿಟ್ಟುಕೊಳ್ಳಿ. ಅದೇ ಕಡತದ ಸೆಕ್ಷನ್ ಹಾಳೆ (ಕಟ್ಟಡವನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆ) ತೆಗೆದರೆ ಒಳಗಿನ ನೆಲ ಹೊರಗಿನ ಅಂಗಳಕ್ಕಿಂತ 600 ಮಿ.ಮೀ. ಎತ್ತರದಲ್ಲಿದೆ. 5400ನ್ನು 600ರಿಂದ ಭಾಗಿಸಿದರೆ ಸಿಗುವುದು 9. ಬರೆದಿರುವುದು 1:12, ಕಟ್ಟಲು ಹೊರಟಿರುವುದು 1:9.

ಇದನ್ನು ಮೋಸ ಎನ್ನಲಾಗದು. ಪ್ಲಾನ್ ಹಾಳೆಯನ್ನು ನಾವು ಮೇಲಿನಿಂದ ನೋಡುತ್ತೇವೆ, ಅದರಲ್ಲಿ ಏರುತಗ್ಗು ಕಾಣುವುದಿಲ್ಲ. ಪ್ಲಾನ್ ಒಬ್ಬರು, ಸೆಕ್ಷನ್ ಇನ್ನೊಬ್ಬರು ಬಿಡಿಸಿರುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಭಾಗಾಕಾರ ಮಾಡುವವರು ಯಾರೂ ಇರುವುದಿಲ್ಲ. ಪರಿಶೀಲಿಸುವವರ ಪಟ್ಟಿಯಲ್ಲಿ ‘ರ‍್ಯಾಂಪ್ ಇದೆಯೇ’ ಎಂಬ ಪ್ರಶ್ನೆಯ ಮುಂದೆ ‘ಹೌದು’ ಬೀಳುತ್ತದೆ.

ಈ ಹಂತಕ್ಕೆ ಇಷ್ಟು ಮಹತ್ವ ಏಕೆಂದರೆ, ಗೋಡೆಯ ಬಣ್ಣ, ಹಿಡಿಕಂಬಿ, ಫಲಕ, ನಲ್ಲಿ ಇವನ್ನೆಲ್ಲ ಆಮೇಲೆ ಬದಲಿಸಬಹುದು. ನೆಲದ ಮಟ್ಟ, ಗೋಡೆಗಳ ನಡುವಿನ ಅಗಲ, ಲಿಫ್ಟಿನ ಜಾಗ, ಶೌಚಾಲಯದ ಗಾತ್ರ, ವಾಹನ ನಿಲ್ಲಿಸುವ ಜಾಗದಿಂದ ಬಾಗಿಲಿಗೆ ಬರುವ ದಾರಿ ಇವು ಮಂಜೂರಾತಿ ನಕ್ಷೆಯಲ್ಲಿ ಗಟ್ಟಿಯಾಗುತ್ತವೆ. ಕಾಂಕ್ರೀಟ್ ಬಿದ್ದ ಮೇಲೆ ಇವುಗಳಲ್ಲಿ ಯಾವುದನ್ನು ಸರಿಪಡಿಸುವುದೂ ಒಡೆಯುವ ಕೆಲಸವೇ.

ಯಾವ ನಿಯಮದ ಅಳತೆ?

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 2006ರಲ್ಲಿ ಅಂಗೀಕಾರವಾಯಿತು. ಅದರ 9ನೇ ವಿಧಿ ಕಟ್ಟಡ, ರಸ್ತೆ, ಸಾರಿಗೆ, ಮಾಹಿತಿ ಎಲ್ಲವೂ ಎಲ್ಲರ ಕೈಗೆಟುಕಬೇಕು ಎನ್ನುತ್ತದೆ. ಮಿಲಿಮೀಟರ್ ಲೆಕ್ಕ ಅಲ್ಲಿಲ್ಲ. ಅದಿರುವುದು ಆಯಾ ದೇಶದ ನಿಯಮಗಳಲ್ಲಿ ಮತ್ತು ಐಎಸ್‌ಒ 21542 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ (ಮೊದಲ ಆವೃತ್ತಿ 2011, ಪರಿಷ್ಕೃತ ಆವೃತ್ತಿ 2021).

ಅಳತೆಗಳು ದೇಶದಿಂದ ದೇಶಕ್ಕೆ ಬೇರೆ, ಅವನ್ನು ಜಾರಿ ಮಾಡುವ ದಾರಿಯೂ ಬೇರೆ. ಅಮೆರಿಕದ ಎಡಿಎ (ಅಂಗವಿಕಲ ಅಮೆರಿಕನ್ನರ ಕಾಯ್ದೆ) ಒಂದು ನಾಗರಿಕ ಹಕ್ಕಿನ ಕಾಯ್ದೆ. ಸ್ಥಳೀಯ ಕಟ್ಟಡ ಇಲಾಖೆ ಪರವಾನಗಿ ಕೊಟ್ಟಿತು ಎಂದ ಮಾತ್ರಕ್ಕೆ ಎಡಿಎ ಪಾಲನೆಯಾಯಿತು ಎಂದಾಗುವುದಿಲ್ಲ. ಇಂಗ್ಲೆಂಡಿನಲ್ಲಿ ಯೋಜನಾ ಅನುಮತಿ ಬೇರೆ, ಕಟ್ಟಡ ನಿಯಮಗಳ ಒಪ್ಪಿಗೆ ಬೇರೆ. ಅಲ್ಲಿ ಮನೆಗಳಿಗೆ ಎಂ4(2), ಎಂ4(3) ಎಂಬ ಎರಡು ಮೇಲ್ಮಟ್ಟದ ದರ್ಜೆಗಳಿವೆ: ಮೊದಲನೆಯದು ಮುಂದೆ ಹೊಂದಿಸಿಕೊಳ್ಳಬಹುದಾದ ಮನೆಗೆ, ಎರಡನೆಯದು ಗಾಲಿಕುರ್ಚಿ ಬಳಸುವವರ ಮನೆಗೆ. ಯೋಜನಾ ಅನುಮತಿಯ ಷರತ್ತಿನಲ್ಲಿ ಬರೆದಿದ್ದರೆ ಮಾತ್ರ ಇವು ಅನ್ವಯವಾಗುತ್ತವೆ. ಷರತ್ತಿನಲ್ಲಿ ಒಂದು ಸಾಲು ಬಿಟ್ಟುಹೋದರೆ ಮುಂದಿನ ಹಂತದಲ್ಲಿ ಯಾರೂ ಅದನ್ನು ಕೇಳುವಂತಿಲ್ಲ. ಭಾರತದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 44ನೇ ಕಲಂ ನಕ್ಷೆಗೇ ಗಂಟು ಹಾಕಿದೆ: ಸುಗಮ್ಯತೆಯ (ಎಲ್ಲರೂ ಸಲೀಸಾಗಿ ತಲುಪಿ ಬಳಸಬಲ್ಲಂತಿರುವುದರ) ನಿಯಮಕ್ಕೆ ಒಗ್ಗದ ನಕ್ಷೆಗೆ ಅನುಮತಿ ಇಲ್ಲ, ಒಗ್ಗದ ಕಟ್ಟಡಕ್ಕೆ ಕೆಲಸ ಪೂರ್ಣಗೊಂಡ ಪ್ರಮಾಣಪತ್ರವೂ ಇಲ್ಲ, ಅದರೊಳಗೆ ಹೋಗಿ ನೆಲೆಸಲು ಅವಕಾಶವೂ ಇಲ್ಲ.

ಅರ್ಜಿ ಹಾಕುವವರು ಮೊದಲು ಮಾಡಬೇಕಾದ ಕೆಲಸ ತಮಗೆ ಅನ್ವಯಿಸುವ ನಿಯಮ ಯಾವುದು, ಯಾವ ವರ್ಷದ ಆವೃತ್ತಿ ಎಂದು ಕಡತದ ಮೊದಲ ಪುಟದಲ್ಲೇ ಬರೆಯುವುದು. ರ‍್ಯಾಂಪಿಗೆ ಒಂದು ದೇಶದ ಅಳತೆ, ಶೌಚಾಲಯಕ್ಕೆ ಇನ್ನೊಂದು ದೇಶದ್ದು, ಹಿಡಿಕಂಬಿಗೆ ಮಾರಾಟಗಾರರ ಕೈಪಿಡಿಯದ್ದು ಎಂದು ಕಲಸುಮೇಲೋಗರ ಮಾಡಿದರೆ ಅಳತೆಗಳು ಒಂದಕ್ಕೊಂದು ಕೂಡುವುದಿಲ್ಲ. ಇಲ್ಲಿ ಮುಂದೆ ಬರುವ ಅಂಕಿಗಳು ಹೆಚ್ಚಾಗಿ ಬ್ರಿಟಿಷ್ ಮತ್ತು ಅಮೆರಿಕನ್ ನಿಯಮಗಳವು, ತರ್ಕ ಅರ್ಥವಾಗಲಿ ಎಂದು ಕೊಟ್ಟಿರುವುದು. ನಿಮ್ಮ ನಿಯಮದಲ್ಲಿ 50 ಮಿ.ಮೀ. ಹೆಚ್ಚುಕಡಿಮೆ ಇರಬಹುದು, ಅಳತೆಯ ಹಿಂದಿರುವ ಕಾರಣ ಮಾತ್ರ ಎಲ್ಲೆಡೆ ಒಂದೇ.

ಮಟ್ಟದ ಲೆಕ್ಕ

1:12 ಎಂದರೆ 1 ಮೀಟರ್ ಏರಲು 12 ಮೀಟರ್ ಅಡ್ಡ ಉದ್ದ. ಗಾಲಿಕುರ್ಚಿ ಮತ್ತು ಕುಳಿತವರ ತೂಕ ಸೇರಿ 100 ಕೆ.ಜಿ. ಎಂದು ಹಿಡಿದರೆ, 1:20ರ ಇಳಿಜಾರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ತಡೆಯಲು ಸುಮಾರು 5 ಕೆ.ಜಿ.ಯಷ್ಟು ಬಲ ಬೇಕು, 1:12ರಲ್ಲಿ 8 ಕೆ.ಜಿ.ಗಿಂತ ತುಸು ಹೆಚ್ಚು, 1:9ರಲ್ಲಿ 11 ಕೆ.ಜಿ. ಇದು ಬರೀ ನಿಲ್ಲಲು ಬೇಕಾದದ್ದು; ಮೇಲಕ್ಕೆ ಸಾಗಲು, ನೆಲದ ಒರಟನ್ನು ಮೀರಲು ಬೇಕಾದ ಶ್ರಮ ಇನ್ನೂ ಬೇರೆ. ಅದೂ ಭುಜದ ಬಲದಿಂದ, ಪ್ರತಿ ತಳ್ಳುವಿಕೆಯ ನಡುವೆ ಕೈ ಬಿಟ್ಟು ಮತ್ತೆ ಹಿಡಿಯುತ್ತಾ. ಹಾಗಾಗಿ ಇಳಿಜಾರು ಎಷ್ಟು ಎಂಬುದರಷ್ಟೇ ಮುಖ್ಯ, ಒಂದೇ ಉಸಿರಿಗೆ ಎಷ್ಟು ಉದ್ದ ಎಂಬುದು.

ಇದೇ 600 ಮಿ.ಮೀ. ಏರಿಕೆಗೆ ಎರಡು ನಿಯಮಗಳು ಕೇಳುವ ಜಾಗ ನೋಡಿ. ಎಡಿಎ ಪ್ರಕಾರ 760 ಮಿ.ಮೀ. ತನಕ ಒಂದೇ ಓಟದಲ್ಲಿ 1:12ರಲ್ಲಿ ಏರಬಹುದು. 7.2 ಮೀಟರ್ ಇಳಿಜಾರು, ಮೇಲೆ ಕೆಳಗೆ ತಲಾ ಸುಮಾರು 1.5 ಮೀಟರ್ ಸಮತಟ್ಟು, ಒಟ್ಟು 10.2 ಮೀಟರ್. ಇಂಗ್ಲೆಂಡಿನ ನಿಯಮದಲ್ಲಿ 1:12ಕ್ಕೆ ಅವಕಾಶ ಇರುವುದು 2 ಮೀಟರ್ ಉದ್ದದ ತುಂಡಿಗೆ ಮಾತ್ರ. 5 ಮೀಟರ್ ತುಂಡಾದರೆ 1:15, 10 ಮೀಟರ್ ಆದರೆ 1:20. ಒಂದು ತುಂಡಿನಲ್ಲಿ 500 ಮಿ.ಮೀ. ಮೀರಿ ಏರುವಂತಿಲ್ಲ. ಹೀಗಾಗಿ 300ರಂತೆ ಎರಡು ತುಂಡು, ತಲಾ 4.5 ಮೀಟರ್, ನಡುವೆ 1.5 ಮೀಟರ್ ತಂಗುಜಾಗ, ಎರಡು ತುದಿಗೂ ಅಷ್ಟೇ ಇಟ್ಟರೆ 13.5 ಮೀಟರ್. ಎರಡು ಲೆಕ್ಕದಲ್ಲೂ 5.4 ಮೀಟರಿನ ಆಯತ ಸಾಲುವುದಿಲ್ಲ.

ಜಾಗ ಇಲ್ಲದಿದ್ದರೆ ರ‍್ಯಾಂಪನ್ನು ಮಡಿಸುವ ಮೊದಲು ಕೇಳಬೇಕಾದ ಪ್ರಶ್ನೆ: 600 ಮಿ.ಮೀ. ಎತ್ತರ ಬೇಕೇ? ನೆರೆ, ಮಳೆನೀರಿನ ಕಾರಣಕ್ಕೆ ಬೇಕಾಗಿರಬಹುದು. ಆದರೆ ಬಹುಪಾಲು ಕಡೆ ಆ ಅಂಕಿ ಹಿಂದಿನ ಕೆಲಸದ ನಕ್ಷೆಯಿಂದ ನಕಲಾಗಿ ಬಂದಿರುತ್ತದೆ. ಅಂಗಳವನ್ನೇ ಗೇಟಿನಿಂದ ಬಾಗಿಲಿನವರೆಗೆ 1:25, 1:30ರಂತೆ ನಿಧಾನವಾಗಿ ಏರಿಸಿಕೊಂಡು ಬಂದರೆ ರ‍್ಯಾಂಪೂ ಬೇಡ, ಮೆಟ್ಟಿಲೂ ಬೇಡ, ಹಿಡಿಕಂಬಿಯೂ ಬೇಡ. 15 ಮೀಟರ್ ಅಂಗಳದಲ್ಲಿ 1:30 ಎಂದರೆ 500 ಮಿ.ಮೀ. ಏರಿಕೆ ಯಾರಿಗೂ ಅರಿವಾಗದೆ ಮುಗಿಯುತ್ತದೆ. ಎಲ್ಲರೂ ಒಂದೇ ದಾರಿಯಲ್ಲಿ, ಒಂದೇ ಬಾಗಿಲಿಂದ ಒಳಬರುವುದು ಒಳಗೊಳ್ಳುವ ವಿನ್ಯಾಸದ ಮೊದಲ ಲಕ್ಷಣ. ಹಿಂಬದಿಯ ಸಾಮಾನು ಇಳಿಸುವ ಬಾಗಿಲಿಗೆ ರ‍್ಯಾಂಪ್ ಕೊಟ್ಟು ‘ಪ್ರವೇಶ ಒದಗಿಸಲಾಗಿದೆ’ ಎಂದು ಬರೆದದ್ದು ಅಳತೆಯಲ್ಲಿ ಪಾಸಾದರೂ ವಿನ್ಯಾಸದಲ್ಲಿ ಫೇಲು.

ಇನ್ನೊಂದು ತಪ್ಪು ಕಟ್ಟುವಾಗ ಹೊರಬೀಳುತ್ತದೆ, ಅದರ ಬೇರು ಮಾತ್ರ ನಕ್ಷೆಯಲ್ಲಿದೆ. ಸೆಕ್ಷನ್‌ನಲ್ಲಿ ಬರೆದ ಮಟ್ಟ ಸ್ಲ್ಯಾಬಿನ ಮೇಲ್ಮೈಯದ್ದೋ, ಟೈಲ್ಸ್ ಹಾಕಿ ಮುಗಿದ ನೆಲದ್ದೋ? ಗಾರೆ ಮತ್ತು ಟೈಲ್ಸ್ ಸೇರಿ 50ರಿಂದ 75 ಮಿ.ಮೀ. ದಪ್ಪ ಸಾಮಾನ್ಯ. ರ‍್ಯಾಂಪಿನ ಮೇಲ್ತುದಿಯನ್ನು ಸ್ಲ್ಯಾಬ್ ಮಟ್ಟಕ್ಕೆ ತಂದು ನಿಲ್ಲಿಸಿ, ಒಳಗೆ 60 ಮಿ.ಮೀ. ನೆಲಹಾಸು ಹಾಕಿದರೆ ಬಾಗಿಲಲ್ಲೇ ಒಂದು ಗಿಡ್ಡ ಮೆಟ್ಟಿಲು ಹುಟ್ಟುತ್ತದೆ. ಮೇಸ್ತ್ರಿ ಅದನ್ನು ಕೊನೆಯ 300 ಮಿ.ಮೀ.ನಲ್ಲಿ ಗಾರೆ ಎಳೆದು ಸರಿಮಾಡುತ್ತಾರೆ. 300ಕ್ಕೆ 60 ಎಂದರೆ 1:5. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಗಳು ಮೇಲೇಳುವುದು, ಕುಳಿತವರು ಹಿಂದಕ್ಕೆ ವಾಲುವುದು ಇಲ್ಲಿಯೇ. ಹೊಸ್ತಿಲಿನ ಗರಿಷ್ಠ ಎತ್ತರ 13ರಿಂದ 15 ಮಿ.ಮೀ., ಅದೂ ಅಂಚು ಸವರಿದ್ದು. ನಕ್ಷೆಯಲ್ಲಿ ಬರೆಯುವ ಎಲ್ಲ ಮಟ್ಟಗಳೂ ‘ಮುಗಿದ ನೆಲದ ಮಟ್ಟ’ ಎಂದು ಸ್ಪಷ್ಟವಾಗಿ ನಮೂದಾಗಿರಬೇಕು. ಬಾಗಿಲ ಎರಡೂ ಬದಿ, ರ‍್ಯಾಂಪಿನ ಎರಡೂ ತುದಿ, ಪ್ರತಿ ತಂಗುಜಾಗ, ವಾಹನ ನಿಲುಗಡೆ, ಗೇಟು ಈ ಬಿಂದುಗಳಲ್ಲಿ ಮಟ್ಟ ಬರೆಯದ ಸೈಟ್ ಪ್ಲಾನ್ ಪರಿಶೀಲನೆಗೆ ಯೋಗ್ಯವಲ್ಲ.

ಅಡ್ಡ ಇಳಿಜಾರು ಬೇರೆಯೇ ಕಾಟ. ಮಳೆನೀರು ಹರಿಯಲೆಂದು ದಾರಿಯನ್ನು ಒಂದು ಬದಿಗೆ ವಾಲಿಸುತ್ತಾರೆ. ಅದು 1:50 ಮೀರಿದರೆ ಗಾಲಿಕುರ್ಚಿ ಆ ಬದಿಗೇ ಎಳೆಯುತ್ತದೆ, ಒಂದೇ ಕೈಗೆ ಎರಡರಷ್ಟು ಕೆಲಸ. ಬಾಗಿಲ ಮುಂದಿನ ನೀರುಗಾಲುವೆಯ ಜಾಲರಿಯ ಸೀಳು 13 ಮಿ.ಮೀ.ಗಿಂತ ಅಗಲ ಇರಬಾರದು, ನಡೆಯುವ ದಿಕ್ಕಿಗೆ ಅಡ್ಡವಾಗಿರಬೇಕು. ಉದ್ದಕ್ಕಿದ್ದರೆ ಚಕ್ರವೂ ಊರುಗೋಲಿನ ತುದಿಯೂ ಒಳಗೆ ಸಿಕ್ಕಿಕೊಳ್ಳುತ್ತವೆ. ರ‍್ಯಾಂಪಿನ ತೆರೆದ ಅಂಚಿಗೆ 100 ಮಿ.ಮೀ. ಎತ್ತರದ ಕಟ್ಟೆ, ಎರಡೂ ಬದಿ ಹಿಡಿಕಂಬಿ. ಒಂದು ಕೈಯಲ್ಲಷ್ಟೇ ಬಲ ಇರುವವರು ಹತ್ತುವಾಗ ಒಂದು ಬದಿ ಹಿಡಿದರೆ ಇಳಿಯುವಾಗ ಇನ್ನೊಂದು ಬದಿ ಬೇಕು. ಅಷ್ಟಾಗಿಯೂ ಪಕ್ಕದಲ್ಲಿ ಮೆಟ್ಟಿಲು ಇರಲಿ. ಮೊಣಕಾಲು ನೋವಿರುವ, ಕೃತಕ ಕಾಲು ತೊಟ್ಟ ಹಲವರಿಗೆ ಉದ್ದ ಇಳಿಜಾರಿಗಿಂತ ನಾಲ್ಕು ಮೆಟ್ಟಿಲೇ ಹಿತ.

900ರ ಬಾಗಿಲಿನಲ್ಲಿ 757

ನಕ್ಷೆಯಲ್ಲಿ ಬಾಗಿಲಿಗೆ ‘ಡಿ1 – 900’ ಎಂದು ಬರೆದರೆ ಸಾಮಾನ್ಯವಾಗಿ ಅದು ಗೋಡೆಯಲ್ಲಿ ಬಿಟ್ಟ ಜಾಗ. ನಿಯಮ ಕೇಳುವುದು ನಿವ್ವಳ ಅಗಲ, ಅಂದರೆ ಕದವನ್ನು 90 ಡಿಗ್ರಿ ತೆರೆದಾಗ ಕದದ ಮೈಯಿಂದ ಎದುರಿನ ಚೌಕಟ್ಟಿನವರೆಗೆ ದೇಹ ದಾಟಬಲ್ಲ ಜಾಗ. ಲೆಕ್ಕ ಹಾಕೋಣ. 900ರಲ್ಲಿ ಎರಡು ಬದಿಯ ಚೌಕಟ್ಟು ತಲಾ 60 ಕಳೆದರೆ 780. ಕದದ ದಪ್ಪ 35. ಕದ ಕೂರಲು ಚೌಕಟ್ಟಿನಲ್ಲಿ ತೆಗೆದ ಕಚ್ಚು 12. ತೆರೆದ ಕದ ದಾರಿಯೊಳಕ್ಕೆ 23 ಮಿ.ಮೀ. ಚಾಚಿಕೊಳ್ಳುತ್ತದೆ. ಉಳಿದದ್ದು 757. ಕದ ಪೂರ್ತಿ ತೆರೆಯದಂತೆ ತಡೆಗುಂಡಿ ತಪ್ಪು ಜಾಗದಲ್ಲಿದ್ದರೆ, ಉದ್ದ ಹಿಡಿಕೆ ಹಾಕಿದರೆ ಇನ್ನೂ ಕಡಿಮೆ. ಎಡಿಎ ಕೇಳುವುದು 815. ನಿವ್ವಳ 850 ಬೇಕೆಂದರೆ ಗೋಡೆಯಲ್ಲಿ ಬಿಡಬೇಕಾದ್ದು 1000. ನಕ್ಷೆಯ ಬಾಗಿಲುಪಟ್ಟಿಯಲ್ಲಿ ‘ಗೋಡೆಯಲ್ಲಿ ಬಿಟ್ಟ ಅಗಲ’, ‘ನಿವ್ವಳ ಅಗಲ’ ಎಂದು ಎರಡು ಕಾಲಂ ಇಟ್ಟರೆ ಈ ಗೊಂದಲಕ್ಕೆ ಅಲ್ಲೇ ತೆರೆ.

ಎರಡು ಕದದ ಬಾಗಿಲಿನಲ್ಲಿ ಇದೇ ತಪ್ಪು ಇನ್ನೊಂದು ವೇಷದಲ್ಲಿ ಬರುತ್ತದೆ. 1200ರ ಬಾಗಿಲಿಗೆ 600ರ ಎರಡು ಕದ. ಒಂದು ಕದಕ್ಕೆ ಸದಾ ಬೋಲ್ಟು ಬಿದ್ದಿರುತ್ತದೆ, ತೆರೆದಿರುವ ಇನ್ನೊಂದರಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ. ಒಂದು ಕದವನ್ನು ದೊಡ್ಡದು, ಇನ್ನೊಂದನ್ನು ಚಿಕ್ಕದು ಮಾಡಿದರೆ ಅಷ್ಟೇ ಅಗಲದಲ್ಲಿ ಕೆಲಸ ಆಗುತ್ತದೆ.

ಅಗಲಕ್ಕಿಂತ ಹೆಚ್ಚು ಬಾರಿ ಮರೆತುಹೋಗುವುದು ಚಿಲಕದ ಬದಿಯ ಜಾಗ. ಕದವನ್ನು ತನ್ನತ್ತ ಎಳೆದುಕೊಳ್ಳುವಾಗ ಗಾಲಿಕುರ್ಚಿಯ ಪಾದದಾನಿ ಕದ ತಿರುಗುವ ದಾರಿಯಲ್ಲೇ ಇರುತ್ತದೆ. ಚಿಲಕದ ಪಕ್ಕ ಗೋಡೆ 300 ಮಿ.ಮೀ. ಆದರೂ ಮುಂದುವರಿದಿದ್ದರೆ (ಎಡಿಎ 455 ಕೇಳುತ್ತದೆ) ಕುಳಿತವರು ಪಕ್ಕಕ್ಕೆ ಸರಿದು ಎಳೆಯಬಹುದು. ಮೂಲೆಗೆ ತಾಗಿಸಿ ಬಿಡಿಸಿದ ಬಾಗಿಲಿನಲ್ಲಿ ಆ ಜಾಗ ಸೊನ್ನೆ. ಕೀಲು ಮತ್ತು ಚಿಲಕದ ಬದಿ ಅದಲುಬದಲು ಮಾಡಿದರೆ ಎಷ್ಟೋ ಸಲ ಖರ್ಚಿಲ್ಲದೆ ಸರಿಹೋಗುತ್ತದೆ, ನಕ್ಷೆಯ ಹಂತದಲ್ಲಾದರೆ. ಒಂದರ ಹಿಂದೆ ಒಂದು ಬಾಗಿಲಿದ್ದರೆ, ಮೊದಲ ಕದ ತಿರುಗುವ ಜಾಗ ಕಳೆದು ನಡುವೆ ಸುಮಾರು 1.2 ಮೀಟರ್ ಉಳಿಯಬೇಕು. ಇಲ್ಲದಿದ್ದರೆ ಹಿಂದಿನ ಕದ ಮುಚ್ಚದು, ಮುಂದಿನದು ತೆರೆಯದು, ನಡುವೆ ವ್ಯಕ್ತಿ ಬಂದಿ.

ಶೌಚಾಲಯ

ಅತಿ ಹೆಚ್ಚು ತಪ್ಪುಗಳು ಅತಿ ಚಿಕ್ಕ ಕೋಣೆಯಲ್ಲಿ. ಬ್ರಿಟಿಷ್ ನಿಯಮದ ಕನಿಷ್ಠ ಗಾತ್ರ 1500 × 2200 ಮಿ.ಮೀ. ಗಾಲಿಕುರ್ಚಿ ಒಳಬಂದು, ತಿರುಗಿ, ಕಮೋಡಿನ ಪಕ್ಕಕ್ಕೆ ಹಿಮ್ಮುಖವಾಗಿ ಸೇರಿ, ವ್ಯಕ್ತಿ ಕುರ್ಚಿಯಿಂದ ಕಮೋಡಿಗೆ ಜರುಗಬೇಕು. ಈ ಒಂದು ಚಲನೆಯಿಂದಲೇ ಎಲ್ಲ ಅಳತೆಗಳೂ ಹುಟ್ಟಿವೆ.

ಕೋಣೆಯನ್ನು ಹತ್ತಿರದಿಂದ ನೋಡೋಣ. ಅನುಭವವಿಲ್ಲದ ಕೈ 1500 ಅಗಲದ ಗೋಡೆಯ ನಟ್ಟನಡುವೆ ಕಮೋಡ್ ಇಡುತ್ತದೆ, ನೋಡಲು ಚೆಂದ. ಆಗ ಕಮೋಡಿನ ಮಧ್ಯರೇಖೆಯಿಂದ ಎರಡೂ ಗೋಡೆ 750 ದೂರ. ಎಡಕ್ಕೂ ಬಲಕ್ಕೂ ಗಾಲಿಕುರ್ಚಿ ಹಿಡಿಸದು, ಗೋಡೆಯ ಹಿಡಿಕಂಬಿ ಎರಡೂ ಬದಿ ಕೈಗೆ ಎಟುಕದು. ಸರಿಯಾದ ಜಾಗ ಒಂದು ಗೋಡೆಗೆ ಹತ್ತಿರ, ಮಧ್ಯರೇಖೆ ಗೋಡೆಯಿಂದ 450–500 ಮಿ.ಮೀ. ದೂರ, ಆ ಗೋಡೆಯ ಮೇಲೆ ಅಡ್ಡ ಹಿಡಿಕಂಬಿ, ಇನ್ನೊಂದು ಬದಿ ಪೂರ್ತಿ ಖಾಲಿ, ಆ ಖಾಲಿ ಬದಿಗೆ ಮೇಲಕ್ಕೆ ಮಡಚುವ ಕಂಬಿ. ಸೀಟಿನ ಎತ್ತರ 480ರ ಆಸುಪಾಸು, ಗಾಲಿಕುರ್ಚಿಯ ಆಸನಕ್ಕೆ ಸಮ. ಕಮೋಡಿನ ಮುಂತುದಿ ಹಿಂಗೋಡೆಯಿಂದ 750 ಮಿ.ಮೀ. ಮುಂದಿರಬೇಕು. ಗಾಲಿಕುರ್ಚಿಯ ದೊಡ್ಡ ಚಕ್ರ ಗೋಡೆಗೆ ತಾಗಿ ನಿಂತಾಗ ಅದರ ಆಸನ ಅಲ್ಲಿಗೇ ಬರುವುದು. ಗಿಡ್ಡ ಕಮೋಡ್ ತಂದಿಟ್ಟರೆ ಎರಡು ಆಸನಗಳು ಸಾಲಿಗೆ ಬರುವುದಿಲ್ಲ, ಜರುಗುವವರು ನಡುವಿನ ಸಂದಿಗೆ ಬೀಳುತ್ತಾರೆ.

ಖಾಲಿ ಬದಿ ಕಾಗದದ ಮೇಲೆ ಖಾಲಿಯಾಗಿಯೇ ಇರುತ್ತದೆ. ಕಟ್ಟಿದ ಮೇಲೆ ಅಲ್ಲಿ ಕಸದ ಬುಟ್ಟಿ, ಒರೆಸುವ ಕೋಲು, ಬಕೆಟ್ಟು, ಮಗುವಿನ ಬಟ್ಟೆ ಬದಲಿಸುವ ಹಲಗೆ ಬಂದು ಕೂರುತ್ತವೆ. ಸ್ವಚ್ಛತೆಯ ಸಾಮಾನಿಗೆ ನಕ್ಷೆಯಲ್ಲಿ ಬೇರೆ ಕಪಾಟು ತೋರಿಸದಿದ್ದರೆ ಅವು ಈ ಕೋಣೆಗೇ ಬರುವುದು ಖಚಿತ. ಹಾಗೆಯೇ ನಕ್ಷೆಯಲ್ಲಿ ಬಿಡಿಸಿದ 1500ರ ತಿರುಗುವ ವೃತ್ತ ವಾಶ್‌ಬೇಸಿನ್ ಮೇಲೂ ಕಮೋಡ್ ಮೇಲೂ ಹಾದುಹೋಗಿದೆಯೇ ನೋಡಿ. ಹೋಗಿದ್ದರೆ ಅದು ಅಲಂಕಾರದ ವೃತ್ತ.

ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಕದಕ್ಕೆ ಅವರ ದೇಹವೇ ಅಡ್ಡ. ಅಪಾಯದ ಕರೆಯ ದಾರ ನೆಲದಿಂದ 100 ಮಿ.ಮೀ. ತನಕ ಇಳಿದಿರಬೇಕು, ಬಿದ್ದವರ ಕೈ ಇರುವುದು ನೆಲದಲ್ಲಿ. ಅದು ತೊಡಕೆಂದು ಸ್ವಚ್ಛತೆಯವರು ಮೇಲಕ್ಕೆ ಗಂಟು ಕಟ್ಟಿಬಿಡುವುದು ಎಲ್ಲ ದೇಶಗಳಲ್ಲೂ ಕಾಣುವ ದೃಶ್ಯ.

ಎಂಜಿನಿಯರ್ ಹಾಳೆಗೆ ಹೋಗಬೇಕಾದ ಎರಡು ಮಾತು. ಹಿಡಿಕಂಬಿ ಸುಮಾರು 113 ಕೆ.ಜಿ.ಯಷ್ಟು ಬಲ ತಾಳಬೇಕು ಎನ್ನುತ್ತದೆ ಎಡಿಎ. ಜಿಪ್ಸಂ ಗೋಡೆ, ಪೊಳ್ಳು ಇಟ್ಟಿಗೆಯಲ್ಲಿ ಸ್ಕ್ರೂ ಕಿತ್ತುಬರುತ್ತದೆ. ಒಳಗೆ ಗಟ್ಟಿ ಆಧಾರ ಮೊದಲೇ ಇಡಬೇಕು, ಅದು ಗೋಡೆಯ ವಿವರದಲ್ಲಿರಬೇಕು. ಇನ್ನು ನೆಲ: ನೀರು ಹೊರಬರಬಾರದೆಂದು ಶೌಚಾಲಯದ ನೆಲವನ್ನು ತಗ್ಗಿಸುವುದೋ ಬಾಗಿಲಲ್ಲಿ ಕಟ್ಟೆ ಕಟ್ಟುವುದೋ ರೂಢಿ. ಎರಡೂ ಚಕ್ರಕ್ಕೆ ಅಡ್ಡಿ. ಕೊಳವೆ ಮತ್ತು ಜಲನಿರೋಧಕ್ಕೆ ಸ್ಲ್ಯಾಬನ್ನೇ ತಗ್ಗಿಸಿ ಮೇಲಿನ ನೆಲವನ್ನು ಹೊರಗಿನದಕ್ಕೆ ಸಮ ಮಾಡಿದರೆ ಕಟ್ಟೆ ಬೇಕಿಲ್ಲ. ಆ ತಗ್ಗಿನ ತೀರ್ಮಾನ ಸ್ಲ್ಯಾಬ್ ಹಾಕುವ ಮೊದಲು ಆಗದಿದ್ದರೆ ಆಮೇಲೆ ಆಗುವುದೇ ಇಲ್ಲ.

ಒಂದೇ ರೀತಿಯ ಶೌಚಾಲಯ ಹಲವು ಮಹಡಿಗಳಲ್ಲಿದ್ದರೆ ಎಡ–ಬಲ ಅದಲುಬದಲು ಮಾಡಿ: ಎಡಗಡೆಯಿಂದಷ್ಟೇ ಜರುಗಬಲ್ಲವರಿಗೆ ಒಂದು ಮಹಡಿ, ಬಲಗಡೆಯವರಿಗೆ ಇನ್ನೊಂದು. ಇನ್ನು ಕೆಲವರಿಗೆ ಈ ಕೋಣೆಯೂ ಸಾಲದು. ತಾವಾಗಿ ಜರುಗಲಾಗದ ವಯಸ್ಕರಿಗೆ ಎತ್ತುವ ಯಂತ್ರ, ಮಲಗಿಸುವ ಹಲಗೆ, ಇಬ್ಬರು ಸಹಾಯಕರು ಬೇಕು. ಅದಕ್ಕೆ 3 × 4 ಮೀಟರಿನ ಕೋಣೆ. ಇಂಗ್ಲೆಂಡಿನಲ್ಲಿ 2021ರಿಂದ ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಇದು ನಿಯಮವಾಗಿದೆ. 12 ಚದರ ಮೀಟರನ್ನು ಅರ್ಜಿ ಹಾಕುವಾಗಲೇ ತೆಗೆದಿಡದಿದ್ದರೆ ನಂತರ ಯಾರೂ ಬಿಟ್ಟುಕೊಡರು.

ಲಿಫ್ಟು, ಮೆಟ್ಟಿಲು, ವಾಹನ

ಲಿಫ್ಟಿನ ಒಳಗಾತ್ರ ಕನಿಷ್ಠ 1100 × 1400 ಮಿ.ಮೀ., ಬಾಗಿಲು 800, ಮುಂದೆ 1500ರ ಚೌಕ ಖಾಲಿ ಜಾಗ. ಇಷ್ಟರಲ್ಲಿ ಗಾಲಿಕುರ್ಚಿ ಒಳಗೆ ತಿರುಗದು, ಹಿಮ್ಮುಖವಾಗಿ ಹೊರಬರಬೇಕು. ಹಿಂಗೋಡೆಯ ಕನ್ನಡಿ ಮುಖ ನೋಡಿಕೊಳ್ಳಲು ಇರುವುದಲ್ಲ, ಹಿಂದೆ ಯಾರಿದ್ದಾರೆಂದು ನೋಡಲು. ಜಾಗ ಉಳಿಸಲೆಂದು ಲಿಫ್ಟಿನ ಬಾಗಿಲನ್ನು ಮೆಟ್ಟಿಲಿನ ನಡುತಂಗುಜಾಗಕ್ಕೆ ತೆರೆಯುವ ನಕ್ಷೆಗಳು ಈಗಲೂ ಬರುತ್ತವೆ. ಲಿಫ್ಟ್ ಇದೆ, ಇಳಿದ ಮೇಲೆ ಎಂಟು ಮೆಟ್ಟಿಲೂ ಇದೆ. ಅದನ್ನು ಲಿಫ್ಟ್ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಮೆಟ್ಟಿಲಿನ ಹಿಡಿಕಂಬಿ ಮೊದಲ ಮತ್ತು ಕೊನೆಯ ಮೆಟ್ಟಿಲು ದಾಟಿ 300 ಮಿ.ಮೀ. ಮುಂದುವರಿಯಬೇಕು. ಕಣ್ಣು ಕಾಣದವರಿಗೆ ಮೆಟ್ಟಿಲು ಮುಗಿಯಿತೆಂದು ಹೇಳುವುದು ಅದೇ. ಈ 300 ಓಣಿಯೊಳಕ್ಕೆ ಚಾಚದಂತೆ ಮೊದಲ ಮೆಟ್ಟಿಲನ್ನೇ ಅಷ್ಟು ಹಿಂದಕ್ಕೆ ಸರಿಸಿ ಬಿಡಿಸಬೇಕು.

ವಾಹನ ನಿಲುಗಡೆಗೆ 2400 ಅಗಲ, ಪಕ್ಕದಲ್ಲಿ 1200 ಖಾಲಿ ಪಟ್ಟಿ, ಒಟ್ಟು 3600. ಆ ಪಟ್ಟಿಯಿಂದ ಅಂಚಿನ ಕಟ್ಟೆ ಹತ್ತದೆ ಬಾಗಿಲು ತಲುಪುವಂತಿರಬೇಕು. ನೆಲಮಾಳಿಗೆಯಾದರೆ ಈ ಜಾಗ ಲಿಫ್ಟಿನ ಪಕ್ಕ ಇರಲಿ. ಗೇಟಿನ ಹತ್ತಿರ ಕೊಟ್ಟರೆ ವಾಹನ ಓಡಾಡುವ ಇಳಿಜಾರಿನಲ್ಲೇ ಕುರ್ಚಿ ತಳ್ಳಬೇಕಾಗುತ್ತದೆ.

ಕಾಣದವರು, ಕೇಳದವರು

ಕೋಲು ಹಿಡಿದು ನಡೆಯುವವರ ಕೋಲು ನೆಲವನ್ನು ಸವರುತ್ತದೆ. ಸುಮಾರು 680 ಮಿ.ಮೀ.ಗಿಂತ ಮೇಲೆ, ಎರಡು ಮೀಟರ್ ಒಳಗೆ ಗೋಡೆಯಿಂದ 100 ಮಿ.ಮೀ.ಗಿಂತ ಹೆಚ್ಚು ಚಾಚಿದ ವಸ್ತು ಕೋಲಿಗೆ ಸಿಗುವುದಿಲ್ಲ, ಎದೆಗೋ ಹಣೆಗೋ ಸಿಗುತ್ತದೆ. ಅಗ್ನಿಶಾಮಕ ಪೆಟ್ಟಿಗೆ, ಹೊರಕ್ಕೆ ತೆರೆದ ಕಿಟಕಿ, ಮೆಟ್ಟಿಲಿನ ಕೆಳಬದಿ ಇವು ಮೂರು ಹಳೆಯ ಅಪರಾಧಿಗಳು. ಪೆಟ್ಟಿಗೆಗೆ ಗೋಡೆಯಲ್ಲಿ ಗೂಡು, ಮೆಟ್ಟಿಲಿನ ಕೆಳಗೆ ತಡೆಗಟ್ಟೆ ಎರಡೂ ನಕ್ಷೆಯಲ್ಲೇ ತೋರಿಸಬಹುದಾದವು.

ಕಾಲಿಗೂ ಕೋಲಿಗೂ ತಿಳಿಯುವ ಉಬ್ಬುಗಳ ಸ್ಪರ್ಶ ಟೈಲ್ಸನ್ನು ರೂಪಿಸಿದವರು ಜಪಾನಿನ ಸೇಯಿಚಿ ಮಿಯಾಕೆ. 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಸಿದ್ದು. ಅರ್ಧ ಶತಮಾನ ಕಳೆದರೂ ಅದರ ಎರಡಕ್ಷರದ ಭಾಷೆ ಇನ್ನೂ ತಪ್ಪಾಗುತ್ತದೆ: ಉದ್ದ ಗೆರೆ ಎಂದರೆ ‘ಹೋಗು’, ಗುಂಡು ಬೊಟ್ಟು ಎಂದರೆ ‘ನಿಲ್ಲು, ಮುಂದೆ ಏನೋ ಇದೆ’. ಇಡೀ ದಾರಿಗೆ ಬೊಟ್ಟು ಹಾಸಿದರೆ ಪ್ರತಿ ಹೆಜ್ಜೆಗೂ ಎಚ್ಚರಿಕೆ ಕೊಟ್ಟಂತೆ. ಗೆರೆ ನೇರ ಹೋಗಿ ಕಂಬಕ್ಕೆ ಮುಟ್ಟಿ ನಿಲ್ಲುವ ನಕ್ಷೆಗಳೂ ಇವೆ. ಟೈಲ್ಸ್ ಹಾಳೆಯನ್ನು ಕಂಬಗಳ ಹಾಳೆಯ ಮೇಲಿಟ್ಟು ನೋಡದ ಫಲ. ಟೈಲ್ಸಿನ ಬಣ್ಣ ನೆಲದ ಬಣ್ಣವೇ ಆಗಿದ್ದರೆ ಅರೆದೃಷ್ಟಿ ಇರುವವರಿಗೆ ಉಪಯೋಗವಿಲ್ಲ. ಬೆಳಕನ್ನು ಹಿಮ್ಮರಳಿಸುವ ಮಾನದಲ್ಲಿ ಗೋಡೆಗೂ ನೆಲಕ್ಕೂ, ಬಾಗಿಲಿಗೂ ಗೋಡೆಗೂ 30 ಅಂಕದ ಅಂತರ ಇರಲಿ ಎನ್ನುವುದು ಬ್ರಿಟಿಷ್ ರೂಢಿ. ಗಾಜಿನ ಬಾಗಿಲಿಗೆ 850–1000 ಮತ್ತು 1400–1600 ಮಿ.ಮೀ. ಎರಡು ಎತ್ತರದಲ್ಲಿ ಗುರುತು; ಒಂದು ಕುಳಿತವರ ಕಣ್ಣಿಗೆ, ಒಂದು ನಿಂತವರ ಕಣ್ಣಿಗೆ.

ಕೇಳದವರ ವಿಷಯ ನಕ್ಷೆಯಲ್ಲಿ ಕಾಣುವುದು ಕಡಿಮೆ, ಆದ್ದರಿಂದಲೇ ಬರಹದಲ್ಲಿ ಇರಬೇಕು. ಶ್ರವಣ ಸಾಧನಕ್ಕೆ ನೇರ ಧ್ವನಿ ತಲುಪಿಸುವ ಲೂಪ್ ತಂತಿಯನ್ನು ಸಭಾಂಗಣದ ನೆಲದಡಿ ಹಾಕುವುದಾದರೆ ಸ್ಲ್ಯಾಬಿನ ಕಬ್ಬಿಣ ಅದರ ಸಂಕೇತವನ್ನು ಕುಂದಿಸುತ್ತದೆ, ವಿನ್ಯಾಸ ಮೊದಲೇ ಬೇಕು. ಶೌಚಾಲಯದಲ್ಲಿ ಒಬ್ಬರೇ ಇರುವ ಕಿವುಡರಿಗೆ ಬೆಂಕಿಯ ಗಂಟೆ ಕೇಳದು. ಮಿನುಗುವ ದೀಪ ಬೇಕು.

ಬೆಂಕಿ ಬಿದ್ದಾಗ

ಒಳಬರುವ ದಾರಿಯನ್ನು ಇಷ್ಟು ಅಚ್ಚುಕಟ್ಟಾಗಿ ತೋರಿಸಿದ ಅರ್ಜಿಗಳು ಹೊರಹೋಗುವ ದಾರಿಯ ಬಗ್ಗೆ ಮೌನ. ಐದನೇ ಮಹಡಿಗೆ ಲಿಫ್ಟಿನಲ್ಲಿ ಬಂದ ವ್ಯಕ್ತಿ, ಗಂಟೆ ಬಾರಿಸಿದ ಮೇಲೆ ಲಿಫ್ಟ್ ಬಳಸಬೇಡಿ ಎಂಬ ಫಲಕದ ಮುಂದೆ ಏನು ಮಾಡಬೇಕು?

ಉತ್ತರ ಎರಡು ಭಾಗದಲ್ಲಿದೆ. ಒಂದು, ಬೆಂಕಿ ತಡೆಯುವ ಮೆಟ್ಟಿಲಿನ ಆವರಣದೊಳಗೆ ಕಾಯುವ ಜಾಗ: ಕನಿಷ್ಠ 900 × 1400 ಮಿ.ಮೀ., ಇಳಿಯುವ ಜನರ ದಾರಿಯ ಅಗಲದಿಂದ ಕಡಿತವಾಗದೆ, ಎರಡೂ ಕಡೆಯಿಂದ ಮಾತಾಡಬಲ್ಲ ಸಂಪರ್ಕದೊಂದಿಗೆ. ಮೆಟ್ಟಿಲಿನ ಆವರಣ ಬಿಗಿಯಾಗಿ ಬಿಡಿಸಿದ್ದರೆ ಈ ಜಾಗವನ್ನು ಆಮೇಲೆ ತುರುಕಲಾಗದು. ಎರಡು, ಸ್ಥಳಾಂತರದ ಲಿಫ್ಟ್: ಬೇರೆ ವಿದ್ಯುತ್ ಮೂಲ, ಹೊಗೆ ನುಗ್ಗದ ಮುಂಗೋಣೆ. ಲಂಡನ್ ನಗರದ 2021ರ ಯೋಜನಾ ನೀತಿ (ಲಂಡನ್ ಪ್ಲಾನ್) ಲಿಫ್ಟ್ ಹಾಕುವ ಹೊಸ ಕಟ್ಟಡಗಳಲ್ಲಿ ಪ್ರತಿ ಲಿಫ್ಟ್ ಗುಂಪಿಗೂ ಇಂಥ ಒಂದಾದರೂ ಬೇಕೆಂದು ಕೇಳುತ್ತದೆ. ಕಾಯುವ ಜಾಗ ಕಾಯಲಷ್ಟೇ. ಅಲ್ಲಿಂದ ಯಾರು, ಹೇಗೆ ಕೆಳಗಿಳಿಸುತ್ತಾರೆ ಎಂಬುದು ಕಟ್ಟಡ ನಡೆಸುವವರ ಹೊಣೆ ಎಂದು ಅರ್ಜಿಯಲ್ಲಿ ಹೆಸರಿಸಿರಬೇಕು.

ಬೆಂಕಿ ಬಾಗಿಲು ಮತ್ತು ಸುಗಮ್ಯತೆ ಒಂದಕ್ಕೊಂದು ಎದುರಾಗುತ್ತವೆ. ತಾನಾಗಿ ಮುಚ್ಚುವ ಭಾರದ ಕದವನ್ನು ಕುಳಿತವರು ತಳ್ಳಲಾರರು. ಅವರಿಗಾಗಿ ಯಾರೋ ಕದಕ್ಕೆ ಇಟ್ಟಿಗೆ ಒತ್ತಿಟ್ಟರೆ ಬೆಂಕಿಯ ದಿನ ಅದು ಮುಚ್ಚುವುದಿಲ್ಲ. ಅಯಸ್ಕಾಂತದಿಂದ ತೆರೆದಿಟ್ಟು, ಗಂಟೆ ಬಾರಿಸಿದೊಡನೆ ಬಿಡುವ ಸಾಧನ ಎರಡೂ ಕಡೆಯವರಿಗೆ ಒಪ್ಪಿಗೆ. ಅದಕ್ಕೆ ತಂತಿ ಹೋಗಬೇಕು, ಆದ್ದರಿಂದ ವಿದ್ಯುತ್ ಹಾಳೆಯಲ್ಲಿ ಇರಬೇಕು.

ಅರ್ಜಿಯೊಂದಿಗೆ ಹೋಗುವ ಬರಹ

‘ಎಲ್ಲ ಅನ್ವಯಿಸುವ ನಿಯಮಗಳನ್ನು ಪಾಲಿಸಲಾಗುವುದು’ ಎಂಬ ಒಂದು ಸಾಲಿನ ಸುಗಮ್ಯತಾ ಹೇಳಿಕೆಗೆ ಬೆಲೆ ಇಲ್ಲ. ಕೆಲಸಕ್ಕೆ ಬರುವ ಬರಹ ದಾರಿಯ ಕ್ರಮದಲ್ಲೇ ಸಾಗುತ್ತದೆ: ರಸ್ತೆ ಅಥವಾ ಬಸ್ ನಿಲ್ದಾಣದಿಂದ ಗೇಟು, ಗೇಟಿನಿಂದ ಬಾಗಿಲು, ಬಾಗಿಲಿಂದ ವಿಚಾರಣೆ ಮೇಜು, ಲಿಫ್ಟು, ಕೋಣೆ, ಶೌಚಾಲಯ, ಮತ್ತೆ ಹೊರಕ್ಕೆ. ಪ್ರತಿ ಹೆಜ್ಜೆಗೂ ಮಟ್ಟ, ಅಗಲ, ಹಾಳೆಯ ಸಂಖ್ಯೆ. ನಿಯಮಕ್ಕೆ ಒಗ್ಗದ ಕಡೆ ಅದನ್ನು ಬಚ್ಚಿಡದೆ ಏನು ಕೊರತೆ, ಏಕೆ, ಬದಲಿಗೆ ಏನು ಎಂದು ಬರೆದರೆ ಪರಿಶೀಲಿಸುವವರಿಗೂ ಮಾತಾಡಲು ನೆಲೆ ಸಿಗುತ್ತದೆ. ಹಳೆಯ, ಸಂರಕ್ಷಿತ ಕಟ್ಟಡಗಳಲ್ಲಿ ಇದು ಅನಿವಾರ್ಯ: ಮುಂಬಾಗಿಲ ಕಲ್ಲಿನ ಮೆಟ್ಟಿಲು ಕದಲಿಸುವಂತಿಲ್ಲ ಎಂದಾದರೆ ಪಕ್ಕದ ಬಾಗಿಲನ್ನು ಹಿಂಬಾಗಿಲಿನಂತೆ ಬಿಡದೆ ಎಲ್ಲರ ಮುಖ್ಯ ದ್ವಾರವನ್ನಾಗಿ ಮಾಡುವ ದಾರಿ ಇದೆ.

ನಕ್ಷೆಗಳ ಅಳತೆಮಾನದ ಬಗ್ಗೆಯೂ ಒಂದು ಮಾತು. 1:100ರ ಹಾಳೆಯಲ್ಲಿ 50 ಮಿ.ಮೀ. ಎಂದರೆ ಅರ್ಧ ಮಿಲಿಮೀಟರ್, ಒಂದು ಗೆರೆಯ ದಪ್ಪ. ಶೌಚಾಲಯ, ಲಿಫ್ಟಿನ ಮುಂಜಾಗ, ಪ್ರವೇಶದ್ವಾರ ಈ ಮೂರನ್ನಾದರೂ 1:20ರಲ್ಲಿ ಬಿಡಿಸಿ ಅಳತೆ ಬರೆದು ಲಗತ್ತಿಸಬೇಕು. ರ‍್ಯಾಂಪಿಗೆ ಉದ್ದಕ್ಕೂ ಒಂದು ಸೆಕ್ಷನ್, ಬಾಗಿಲ ಒಳಗಿನ ಮುಗಿದ ನೆಲದವರೆಗೆ.

ಮಂಜೂರಾದ ಮೇಲೆ ಖರ್ಚು ಇಳಿಸುವ ಸುತ್ತು ಬರುತ್ತದೆ. ಅಯಸ್ಕಾಂತದ ಸಾಧನ, ಲೂಪ್, ದೊಡ್ಡ ಶೌಚಾಲಯ ಮೊದಲು ಕತ್ತರಿಗೆ ಸಿಗುವುದು ಆಗಲೇ. ಅನುಮತಿಯ ಷರತ್ತಿನಲ್ಲಿ ಹಾಳೆಯ ಸಂಖ್ಯೆ ಸಮೇತ ನಮೂದಾದದ್ದು ಉಳಿಯುತ್ತದೆ, ಬರೀ ಹೇಳಿಕೆಯಲ್ಲಿದ್ದದ್ದು ಹೋಗುತ್ತದೆ. ಕೊನೆಯ ತಪಾಸಣೆಗೆ ಹೋಗುವವರು 1.2 ಮೀಟರಿನ ರಸಮಟ್ಟ, ಅಳತೆ ಟೇಪು ಒಯ್ದರೆ ಸಾಕು: 1.2 ಮೀಟರಿಗೆ 100 ಮಿ.ಮೀ. ಏರಿದರೆ ಅದು 1:12. ರ‍್ಯಾಂಪಿನ ನಡುವೆ ಒಮ್ಮೆ ಇಟ್ಟು ನೋಡಿ, ಮೇಲ್ತುದಿಯಲ್ಲಿ ಇನ್ನೊಮ್ಮೆ ಇಡಿ. ಗಾರೆ ಎಳೆದು ಸರಿಮಾಡಿದ ಜಾಗ ಸಿಗುವುದು ಅಲ್ಲೇ.